ಗಾಂಧಿ ಬಜಾರಿನ ಪಾತ್ರೆ ಅಂಗಡಿ: ಕುಕ್ಕರ್ ಆನ್‌ಲೈನಿನಲ್ಲಿ, ಗ್ಯಾಸ್ಕೆಟ್ ಇಲ್ಲಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿಗಳ ಸಾಲು ದಾಟಿದ ಮೇಲೆ, ಒಂದು ಅಡ್ಡರಸ್ತೆಯ ಮೂಲೆಯಲ್ಲಿ, ನಮ್ಮ ಮನೆಯವರು ಎರಡು ತಲೆಮಾರಿನಿಂದ ಹೋಗುತ್ತಿರುವ ಪಾತ್ರೆ ಅಂಗಡಿಯೊಂದಿದೆ. ಹೊರಗಡೆ ತೂಗುಹಾಕಿದ ಬೋಗುಣಿ, ಜಾಲರಿ, ಸೌಟು, ಬಕೆಟ್ಟುಗಳ ನಡುವೆ ಬಾಗಿಲನ್ನು ಹುಡುಕಿಕೊಂಡೇ ಒಳಗೆ ಹೋಗಬೇಕು. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದಕ್ಕೆ ಯಜಮಾನರು ಒಪ್ಪಲಿಲ್ಲ. "ಹೆಸರು ಬೇಡಮ್ಮ, ಅಕ್ಕಪಕ್ಕದವರೂ ಇದೇ ಕಷ್ಟದಲ್ಲಿದ್ದಾರೆ. ಬಜಾರಿನ ಹೆಸರು ಬರೀರಿ, ಸಾಕು" ಎಂದರು. ಅವರ ಮಾತಿಗೆ ಗೌರವ ಕೊಟ್ಟು, ಕಳೆದ ಕೆಲವು ತಿಂಗಳಲ್ಲಿ ಈ ಅಂಗಡಿಯಲ್ಲಿ ನನಗೆ ಸಿಕ್ಕ ಸೇವೆಯ ಬಗ್ಗೆ, ಅದರ ಕುಂದುಗಳನ್ನೂ ಮುಚ್ಚಿಡದೆ, ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪನ್ನು ಹೇಳಬೇಕು. ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ ಒಂದು ದೊಡ್ಡ ಆನ್‌ಲೈನ್ ತಾಣದಿಂದ ಐದು ಲೀಟರಿನ ಸ್ಟೀಲ್ ಕುಕ್ಕರ್ ತರಿಸಿಕೊಂಡೆ. ಹೆಸರು ಕೇಳದ ಕಂಪನಿ. ಆದರೆ ಚಿತ್ರ ಚೆನ್ನಾಗಿತ್ತು, ಅದರ ಕೆಳಗೆ ಮೆಚ್ಚುಗೆಯ ಮಾತುಗಳು ಸಾಲುಸಾಲಾಗಿದ್ದವು, ಬೆಲೆಯೂ ಬಜಾರಿನ ಬೆಲೆಗಿಂತ ಏಳುನೂರು ರೂಪಾಯಿ ಕಡಿಮೆಯಿತ್ತು. ಹತ್ತು ದಿನ ಸರಿಯಾಗಿ ನಡೆಯಿತು. ಆಮೇಲೆ ಹಬೆ ಮುಚ್ಚಳದ ಅಂಚಿನಿಂದ ಸೋರತೊಡಗಿ ಕೂಗು ಬರುವುದೇ ನಿಂತಿತು. ಹಿಂತಿರುಗಿಸಲು ಇದ್ದ ಏಳು ದಿನಗಳ ಗಡುವು ಮುಗಿದಿತ್ತು. ದೂರು ಕೊಟ್ಟಾಗ ಮಾರಾಟಗಾರರನ್ನೇ ಸಂಪರ್ಕಿಸಬೇಕೆಂಬ ಉತ್ತರ ಬಂತು. ಅವರು ಕೊಟ್ಟ ದೂರವಾಣಿ ಸಂಖ್ಯೆಗೆ ಎಷ್ಟು ಸಲ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಗ್ಯಾಸ್ಕೆಟ್ ಬದಲಾಯಿಸಿದರೆ ಸರಿಹೋದೀತು ಎಂದುಕೊಂಡು ಕುಕ್ಕರನ್ನು ಚೀಲದಲ್ಲಿ ಹಾಕಿಕೊಂಡು ಗಾಂಧಿ ಬಜಾರಿಗೆ ಹೋದೆ.

ಯಜಮಾನರು ಕನ್ನಡಕ ಏರಿಸಿಕೊಂಡು ಮೊದಲು ನೋಡಿದ್ದು ಮುಚ್ಚಳವನ್ನಲ್ಲ, ತಳವನ್ನು. ಕುಕ್ಕರನ್ನು ಬೋರಲು ಹಾಕಿ, ತಳದ ಮೇಲೆ ಬೆರಳಾಡಿಸಿ, ಆಮೇಲೆ ಪಕ್ಕ, ಹಿಡಿ, ಮುಚ್ಚಳದ ಒಳಭಾಗ, ಹೀಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ಹುಡುಕಿದರು. ಐಎಸ್‌ಐ ಗುರುತು ಎಲ್ಲಿಯೂ ಇರಲಿಲ್ಲ. ಆ ಗುರುತಿನ ಜೊತೆಗೆ ಇರಬೇಕಾದ, ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಲಿಲ್ಲ. ಮುಚ್ಚಳದ ಸೇಫ್ಟಿ ವಾಲ್ವನ್ನು ಎರಡು ಬೆರಳಿನಿಂದ ತಿರುಗಿಸಿದರು. ಅದು ಸಲೀಸಾಗಿ ಸಡಿಲವಾಯಿತು. ಗೋಡೆಯ ಮೊಳೆಗಳಲ್ಲಿ ಹತ್ತಾರು ಅಳತೆಯ ಗ್ಯಾಸ್ಕೆಟ್‌ಗಳು ಬಳೆಗಳಂತೆ ತೂಗುತ್ತಿದ್ದವು, ಅವುಗಳಲ್ಲಿ ಒಂದು ಇದಕ್ಕೆ ಕೂಡುವುದೂ ಅವರಿಗೆ ಗೊತ್ತಿತ್ತು. ಆದರೂ ಅವರು ಕೊಡಲಿಲ್ಲ.

"ಇದಕ್ಕೆ ರಬ್ಬರ್ ಹಾಕಿಕೊಟ್ಟರೆ ನನಗೆ ನೂರು ರೂಪಾಯಿ ಬರುತ್ತೆ. ನಾಳೆ ಒಲೆ ಮುಂದೆ ನಿಂತಾಗ ಏನಾದರೂ ಆಯಿತು ಅಂದರೆ ಆ ನೂರು ರೂಪಾಯಿ ಇಟ್ಟುಕೊಂಡು ನಾನೇನು ಮಾಡಲಿ? ನಿಮ್ಮಮ್ಮ ಬಂದು ಕೇಳಿದರೆ ಏನು ಹೇಳಲಿ?"

ಈ ಒಂದು ಮಾತಿಗಾಗಿಯೇ ನಾನು ಈ ವಿಮರ್ಶೆಯನ್ನು ಬರೆಯಲು ಕುಳಿತದ್ದು. ಅಂದು ಕುಕ್ಕರನ್ನು ನಾನು ಅವರಿಂದ ಕೊಂಡಿರಲಿಲ್ಲ, ಅದರ ಹೊಣೆಯೂ ಅವರದಾಗಿರಲಿಲ್ಲ. ನನ್ನ ಹಣ ಬೇರೆಯವರಿಗೆ ಹೋಗಿತ್ತು. ಎಚ್ಚರಿಕೆ ಮಾತ್ರ ಇವರಿಂದ ಬಂತು.

ಆ ಎಚ್ಚರಿಕೆ ಏಕೆ ಮುಖ್ಯವೆಂಬುದು ಕುಕ್ಕರ್ ಕೆಲಸ ಮಾಡುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಯಲ್ಲಿ ಕುದಿದರೆ, ಒಳಗೆ ಹಬೆಯನ್ನು ಹಿಡಿದಿಟ್ಟ ಕುಕ್ಕರಿನಲ್ಲಿ ಒತ್ತಡ ಹೆಚ್ಚಿ ಕುದಿಯುವ ಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಅದರಿಂದಲೇ. ಆ ಒತ್ತಡವನ್ನು ಹದದಲ್ಲಿಡುವುದು ಮೇಲಿನ ವೆಯ್ಟ್. ಅದರ ದಾರಿಗೆ ಅಕ್ಕಿಯ ಅಗುಳೋ ಬೇಳೆಯ ಸಿಪ್ಪೆಯೋ ಅಡ್ಡ ಬಂದರೆ ಅಥವಾ ನೀರು ಪೂರ್ತಿ ಇಂಗಿ ಪಾತ್ರೆ ಒಣಗಿ ಕಾದರೆ, ಸೇಫ್ಟಿ ವಾಲ್ವಿನೊಳಗಿನ ಬೇಗ ಕರಗುವ ಲೋಹ ಕರಗಿ ಹಬೆಗೆ ಬೇರೆ ದಾರಿ ಮಾಡಿಕೊಡುತ್ತದೆ. ಬೆರಳಿನಲ್ಲಿ ತಿರುಗಿಸಿದರೆ ಸಡಿಲವಾಗುವ ವಾಲ್ವಿನಿಂದ ಆ ಕೆಲಸವನ್ನು ನಿರೀಕ್ಷಿಸುವಂತಿಲ್ಲ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಒಂದು ಹಳೆಯ ಮುಚ್ಚಳವನ್ನು ಕೈಯಲ್ಲಿ ಹಿಡಿದು, ಒಂದೊಂದು ಭಾಗವನ್ನೂ ಬಿಚ್ಚಿ ತೋರಿಸಿ. ಹಾಗೆ ಹೇಳುವಾಗ ಅಂಗಡಿಯಲ್ಲಿ ಇನ್ನಿಬ್ಬರು ಗ್ರಾಹಕರು ಕಾಯುತ್ತಿದ್ದರು, ಅವರೂ ಕೇಳಿಸಿಕೊಂಡರು.

ಗುರುತಿಲ್ಲದ ಕುಕ್ಕರ್ ಮಾರುವುದು ಕಾನೂನಿನ ಪ್ರಕಾರವೂ ತಪ್ಪು. ಗೃಹಬಳಕೆಯ ಪ್ರೆಷರ್ ಕುಕ್ಕರ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 2347 ಮಾನದಂಡ ಮತ್ತು ಐಎಸ್‌ಐ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಅದು 2021ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಆ ಮೇಲೆಯೂ ಇಂಥ ಕುಕ್ಕರ್‌ಗಳು ಆನ್‌ಲೈನ್ ತಾಣಗಳಲ್ಲಿ ಮಾರಾಟವಾದುದಕ್ಕೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಆಗಸ್ಟಿನಲ್ಲಿ ಕ್ರಮ ಕೈಗೊಂಡಿತು. ಅಮೆಜಾನ್ ಮೂಲಕ ಮಾರಾಟವಾದ 2,265 ಕುಕ್ಕರ್‌ಗಳ ಮತ್ತು ಫ್ಲಿಪ್‌ಕಾರ್ಟ್ ಮೂಲಕ ಮಾರಾಟವಾದ 598 ಕುಕ್ಕರ್‌ಗಳ ಗ್ರಾಹಕರಿಗೆ ವಿಷಯ ತಿಳಿಸಿ, ಕುಕ್ಕರ್ ಹಿಂಪಡೆದು, ಹಣ ಮರಳಿಸಬೇಕೆಂದು ಆದೇಶಿಸಿ, ಎರಡೂ ಕಂಪನಿಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಆ ಕುಕ್ಕರ್‌ಗಳ ಮಾರಾಟದಿಂದ ಅಮೆಜಾನ್ ಗಳಿಸಿದ್ದ ಶುಲ್ಕವೇ ಆರು ಲಕ್ಷ ರೂಪಾಯಿಗಿಂತ ಹೆಚ್ಚಿತ್ತು. ನಮ್ಮ ಬಜಾರಿನ ವರ್ತಕ ಗುರುತಿಲ್ಲದ ಕುಕ್ಕರ್ ಮಾರಿದ್ದರೆ ಮರುದಿನ ಅವನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಕೇಳಬಹುದಿತ್ತು. ಎಲ್ಲೋ ಇರುವ ಮಾರಾಟಗಾರನಿಗೂ ನನಗೂ ನಡುವೆ ಕೇವಲ ವೇದಿಕೆಯಾಗಿ ನಿಲ್ಲುತ್ತೇನೆನ್ನುವ ತಾಣವನ್ನು ಹಾಗೆ ಕೇಳಲು ಬರುವುದಿಲ್ಲ. ಯಾವ ಅಂಗಡಿಯಲ್ಲಿ ಕೊಂಡರೂ ತಳದ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು; ಒಂದು ನಿಮಿಷದ ಕೆಲಸ.

ಹೊಸ ಕುಕ್ಕರನ್ನು ನಾನು ಅಲ್ಲಿಯೇ ಕೊಂಡೆ, ಮತ್ತು ಕೊಳ್ಳುವ ರೀತಿಯೇ ಬೇರೆಯಾಗಿತ್ತು. "ಮನೆಯಲ್ಲಿ ಎಷ್ಟು ಜನ? ಒಲೆ ಗ್ಯಾಸೋ ಕರೆಂಟಿನದೋ? ಅನ್ನಕ್ಕೋ, ಬೇಳೆಗೋ?" ಎಂದು ಮೂರು ಪ್ರಶ್ನೆ ಕೇಳಿದ ಮೇಲೆ, ಮೂವರಿರುವ ಮನೆಗೆ ಐದು ಲೀಟರ್ ಬೇಡ, ಮೂರು ಸಾಕು ಎಂದರು. ಕುಕ್ಕರನ್ನು ಮುಕ್ಕಾಲು ತುಂಬಿಸುವ ಅಭ್ಯಾಸ ಬಿಡಬೇಕು, ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಎಂದೂ ತುಂಬಬಾರದು, ನೊರೆಯೇಳುವ ಬೇಳೆಯಾದರೆ ಅರ್ಧಕ್ಕೇ ನಿಲ್ಲಿಸಬೇಕು ಎಂದು ಎಚ್ಚರಿಸಿದರು. ಮನೆಯಲ್ಲಿ ಇಂಡಕ್ಷನ್ ಒಲೆಯೂ ಇದೆ ಎಂದಾಗ ಗಲ್ಲಾದಿಂದ ದಾರ ಕಟ್ಟಿದ ಅಯಸ್ಕಾಂತವೊಂದನ್ನು ತೆಗೆದು ಮೂರು ಕುಕ್ಕರ್‌ಗಳ ತಳಕ್ಕೆ ಹಿಡಿದರು. ಒಂದಕ್ಕೆ ಅಂಟಲಿಲ್ಲ, ಅದನ್ನು ಪಕ್ಕಕ್ಕಿಟ್ಟರು. ಉಳಿದ ಎರಡರಲ್ಲಿ ಅಗ್ಗದ್ದನ್ನೇ ತೆಗೆದುಕೊಳ್ಳಿ, ಎರಡೂ ಒಂದೇ ಎಂದರು. ದೊಡ್ಡದರಿಂದ ಚಿಕ್ಕದಕ್ಕೆ, ದುಬಾರಿಯಿಂದ ಅಗ್ಗಕ್ಕೆ ನನ್ನನ್ನು ಇಳಿಸಿದ ಮಾರಾಟಗಾರರನ್ನು ನಾನು ಆನ್‌ಲೈನಿನಲ್ಲಿ ಇನ್ನೂ ಕಂಡಿಲ್ಲ.

ಅಂದು ಸುಮಾರು ಒಂದು ಗಂಟೆ ಕಾಲ ಅಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದೆ. ಆ ಹೊತ್ತಿನಲ್ಲಿ ಒಂಬತ್ತು ಜನ ಬಂದರು. ಒಬ್ಬರು ಮುಚ್ಚಳ ತಂದು ಗ್ಯಾಸ್ಕೆಟ್ ಹಾಕಿಸಿಕೊಂಡರು. ಒಬ್ಬರಿಗೆ ವೆಯ್ಟ್ ಬೇಕಿತ್ತು. ಇನ್ನೊಬ್ಬ ಹುಡುಗ ಬಾಣಲೆಯ ಹಿಡಿಗೆ ತಿರುಪು ಹಾಕಿಸಲು ಬಂದಿದ್ದ. ಮಿಕ್ಸಿ ಜಾರಿನ ವಾಷರ್ ಕೇಳಿದವರು ಇಬ್ಬರು. ತೀರ್ಥಹಳ್ಳಿ ಕಡೆಯಿಂದ ಬಂದ ಹೆಂಗಸೊಬ್ಬರು ಒತ್ತು ಶಾವಿಗೆಯ ಒರಳಿಗೆ ಸಣ್ಣ ರಂಧ್ರದ ಬಿಲ್ಲೆ ಕೇಳಿದಾಗ ಯಜಮಾನರು ಅಟ್ಟದಿಂದ ಡಬ್ಬಿ ಇಳಿಸಿ, ಹತ್ತಿಪ್ಪತ್ತು ಬಿಲ್ಲೆಗಳನ್ನು ಒಂದೊಂದಾಗಿ ಅಳೆದು ಕೂಡುವುದನ್ನು ಹುಡುಕಿಕೊಟ್ಟರು. ಬೆಲೆ ಮೂವತ್ತು ರೂಪಾಯಿ. ಹೊಸ ಪಾತ್ರೆ ಕೊಂಡವಳು ನನ್ನನ್ನು ಬಿಟ್ಟರೆ ಒಬ್ಬರೇ. ಅವರು ಕೊಂಡದ್ದು ಒಂದು ಚಹಾ ಸೋಸುವ ಜರಡಿ. ಈ ಅಂಗಡಿಗೆ ಜನ ಬರುವುದು ನಿಂತಿಲ್ಲ. ಬರುವವರ ಮನೆಯ ಕುಕ್ಕರ್, ಬಾಣಲೆ, ಮಿಕ್ಸಿಗಳು ಮಾತ್ರ ಈಗ ಬೇರೆ ಕಡೆಯಿಂದ ಬರುತ್ತಿವೆ.

ಬೀದಿಯ ಅಂಗಡಿಗಳು ಸೊರಗುತ್ತಿರುವ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಈ ದೃಶ್ಯವೇ ಕಣ್ಣಿಗೆ ಕಟ್ಟುತ್ತದೆ. ಬಿಡಿಭಾಗ, ರಿಪೇರಿ, ಸಲಹೆ ಇವೆಲ್ಲವನ್ನೂ ಅಂಗಡಿ ಕೊಡಲು ಸಾಧ್ಯವಾಗಿದ್ದು ಕುಕ್ಕರ್ ಮಾರಿದ ಲಾಭದಿಂದ. ಎರಡು ಸಾವಿರದ ಕುಕ್ಕರಿನಲ್ಲಿ ಸಿಗುತ್ತಿದ್ದ ಇನ್ನೂರು ರೂಪಾಯಿಯೇ ಮೂವತ್ತು ರೂಪಾಯಿಯ ಬಿಲ್ಲೆಗಾಗಿ ಅಟ್ಟ ಹತ್ತುವ ಪುರುಸೊತ್ತನ್ನು ಕೊಡುತ್ತಿತ್ತು. ಲಾಭವಿರುವ ಮಾರಾಟ ಫೋನಿಗೆ ಹೋಗಿ, ಶ್ರಮವಿರುವ ಮಾರಾಟ ಮಾತ್ರ ಗಲ್ಲಾದ ಮುಂದೆ ಉಳಿದರೆ ಬಾಡಿಗೆಯನ್ನು ಯಾವುದರಿಂದ ಕಟ್ಟುವುದು? ಯಜಮಾನರ ದೂರು ಇನ್ನೂ ಗಟ್ಟಿಯಾದದ್ದು: ಹಬ್ಬದ ಮಾರಾಟದ ದಿನಗಳಲ್ಲಿ ಕೆಲವು ಮಾಲುಗಳು, ಅವರು ಸಗಟು ವ್ಯಾಪಾರಿಗೆ ಕೊಡುವ ಬೆಲೆಗಿಂತಲೂ ಕಡಿಮೆಗೆ ಆನ್‌ಲೈನಿನಲ್ಲಿ ಸಿಗುತ್ತವೆ.

ಈ ದೂರು ಹೊಸದಲ್ಲ, ಅದು ನ್ಯಾಯಾಲಯದವರೆಗೂ ಹೋಗಿದೆ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ಬಾರಿ ತನ್ನ ಬಿಗ್ ಬಿಲಿಯನ್ ಡೇ ರಿಯಾಯಿತಿ ಮಾರಾಟ ನಡೆಸಿದ ಮೇಲೆ, ಹಬ್ಬದ ವ್ಯಾಪಾರವೆಂದರೆ ಫೋನಿನ ವ್ಯಾಪಾರ ಎನ್ನುವ ರೂಢಿ ನಮ್ಮ ಮನೆಗಳಲ್ಲಿ ಬೇರೂರಿತು. ವಿದೇಶಿ ಬಂಡವಾಳವಿರುವ ಇಂಥ ತಾಣಗಳು ಮಾಲಿನ ಬೆಲೆಯನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವಿಸಬಾರದು ಎಂಬ ನಿಯಮವಿದೆ. 2018ರ ಕೊನೆಯಲ್ಲಿ ಬಿಗಿಗೊಳಿಸಿದ ನಿಯಮಗಳು 2019ರ ಫೆಬ್ರವರಿಯಿಂದ ಜಾರಿಗೆ ಬಂದವು. ದೆಹಲಿಯ ವರ್ತಕರ ಸಂಘಟನೆಯೊಂದರ ದೂರಿನ ಮೇಲೆ 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಕಂಪನಿಗಳು ಕರ್ನಾಟಕ ಹೈಕೋರ್ಟಿನ ಮೊರೆಹೋದವು, 2021ರ ಜೂನ್‌ನಲ್ಲಿ ಹೈಕೋರ್ಟು ಅವುಗಳ ಅರ್ಜಿಯನ್ನು ವಜಾ ಮಾಡಿತು. ಇಷ್ಟೆಲ್ಲ ನಡೆದ ವರ್ಷಗಳಲ್ಲಿ ಗಾಂಧಿ ಬಜಾರಿನ ಈ ಮೂಲೆಯಲ್ಲಿ ಬಾಡಿಗೆ ಮಾತ್ರ ತಪ್ಪದೆ ಏರಿದೆ.

ಎಲ್ಲವನ್ನೂ ಆನ್‌ಲೈನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಸನಗರದ ಒಳಗಿನ ಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ಒಂದು ಒಳ್ಳೆಯ ಮಿಕ್ಸಿಗಾಗಿ ಎರಡು ಬಸ್ಸು ಬದಲಾಯಿಸಿ ಪೇಟೆಗೆ ಬರುವುದಕ್ಕಿಂತ, ಹೆಸರಾಂತ ಕಂಪನಿಯ ಮಾಲನ್ನು ಮನೆಬಾಗಿಲಿಗೆ ತರಿಸಿಕೊಳ್ಳುವುದೇ ಸುಲಭ, ಅದರಲ್ಲಿ ತಪ್ಪೇನೂ ಇಲ್ಲ. ಗಾಂಧಿ ಬಜಾರಿನಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕುವುದು ನಿಜಕ್ಕೂ ಕಷ್ಟ. ಪಾತ್ರೆ ವ್ಯಾಪಾರಕ್ಕೆ ಇನ್ನೊಂದು ಪೆಟ್ಟು ಬಿದ್ದದ್ದು ಮದುವೆಯ ಕರೆಯೋಲೆಗಳಿಂದ. ಉಡುಗೊರೆ ಬೇಡ, ಆಶೀರ್ವಾದವೇ ಉಡುಗೊರೆ ಎಂದು ಅಚ್ಚುಹಾಕಿಸುವ ಪದ್ಧತಿ ಬಂದ ಮೇಲೆ, ಮದುವೆಯ ತಿಂಗಳಲ್ಲಿ ಡಜನ್ನುಗಟ್ಟಲೆ ಚೊಂಬು, ತಟ್ಟೆ, ತಪ್ಪಲೆ ಕಟ್ಟಿಸಿಕೊಂಡು ಹೋಗುತ್ತಿದ್ದವರು ಲಕೋಟೆಗೆ ಬದಲಾದರು.

ಅಂಗಡಿಯ ಕುಂದುಗಳನ್ನೂ ಹೇಳುತ್ತೇನೆ, ಏಕೆಂದರೆ ಅವನ್ನು ತಿದ್ದಿಕೊಂಡರೆ ಅವರಿಗೇ ಒಳ್ಳೆಯದು. ಯಾವ ಪಾತ್ರೆಯ ಮೇಲೂ ಬೆಲೆಯ ಚೀಟಿ ಇಲ್ಲ. ಚೌಕಾಸಿ ಬಲ್ಲವರಿಗೆ ಒಂದು ಬೆಲೆ, ಸಂಕೋಚದವರಿಗೆ ಇನ್ನೊಂದು ಬೆಲೆ ಆಗುವುದನ್ನು ನಾನೇ ನೋಡಿದ್ದೇನೆ. ಫೋನಿನಲ್ಲಿ ಬೆಲೆ ನೋಡಿಕೊಂಡು ಬರುವ ಇಂದಿನ ಹುಡುಗಿಯರು ಒಮ್ಮೆ ಹೀಗೆ ಮೋಸಹೋದೆವು ಎನಿಸಿದರೆ ಮತ್ತೆ ಮೆಟ್ಟಿಲು ಹತ್ತುವುದಿಲ್ಲ. ಬಿಲ್ಲನ್ನು ಕೇಳಿದರೆ ಮಾತ್ರ ಕೊಡುತ್ತಾರೆ. ಅಡುಗೆ ಪಾತ್ರೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿರುವಾಗ, ಆ ಇಳಿಕೆ ತನಗೆ ತಲುಪಿದೆಯೇ ಎಂದು ನೋಡಲು ಗ್ರಾಹಕನಿಗೆ ಬಿಲ್ಲಲ್ಲದೆ ಬೇರೆ ದಾರಿಯಿಲ್ಲ. ನಾನ್‌ಸ್ಟಿಕ್ ಮತ್ತು ಬೀಡು ಕಬ್ಬಿಣದ ಪಾತ್ರೆಗಳಲ್ಲಿ ಆಯ್ಕೆ ತೀರಾ ಕಡಿಮೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ. ಬೇಸಿಗೆಯಲ್ಲಿ ಒಳಗೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ, ವಯಸ್ಸಾದವರಿಗೆ ಕೂರಲು ಇರುವುದು ಆ ಒಂದೇ ಸ್ಟೂಲು.

ಇನ್ನು ಕಲಾಯಿ. ಹಿಂದೆ ಮಳೆಗಾಲ ಮುಗಿದ ಮೇಲೆ ಅಂಗಡಿಯ ಪಕ್ಕದಲ್ಲೇ ಕಲಾಯಿಯವರು ತಿದಿ ಹೂಡಿಕೊಂಡು ಕೂರುತ್ತಿದ್ದರು. ಕೆಂಡದ ಮೇಲೆ ಕಾದ ಹಿತ್ತಾಳೆಯ ಪಾತ್ರೆಗೆ ನವಸಾಗರದ ಪುಡಿ ಎಸೆದರೆ ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು, ಅದರ ಹಿಂದೆಯೇ ಕರಗಿದ ತವರವನ್ನು ಹತ್ತಿಯಿಂದ ಒರೆಸುತ್ತ ಹೋದಂತೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಈಗ ಅವರು ಬರುವುದಿಲ್ಲ. ಯಜಮಾನರು ಜನರ ಪಾತ್ರೆಗಳನ್ನು ಕೂಡಿಟ್ಟು ತಿಂಗಳಿಗೊಮ್ಮೆ ಕಳುಹಿಸಿ ಹಾಕಿಸಿ ತರಿಸುತ್ತಾರೆ. ನಾನು ಕೊಟ್ಟ ಸಾರಿನ ಪಾತ್ರೆ ಐದು ವಾರಕ್ಕೆ ಬಂತು. ಕೆಲಸ ಅಚ್ಚುಕಟ್ಟಾಗಿತ್ತು, ಹುಳಿ ಕುದಿಸಿದರೂ ಕಿಲುಬು ಬಂದಿಲ್ಲ. ಹಳೆಯ ಹಿತ್ತಾಳೆ, ತಾಮ್ರಗಳನ್ನು ತೂಕಕ್ಕೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವ ಪದ್ಧತಿಯೂ ಇನ್ನೂ ಇದೆ, ತಕ್ಕಡಿಯನ್ನು ನಮ್ಮೆದುರಿಗೇ ಇಡುತ್ತಾರೆ.

ನಾನು ಈ ಅಂಗಡಿಗೆ ಕೊನೆಯ ಸಲ ಹೋದದ್ದು ಅಣ್ಣನ ಮಗಳ ಮದುವೆಗೆಂದು ಪಾತ್ರೆ ಕೊಳ್ಳಲು. ಆನ್‌ಲೈನಿನಲ್ಲಿ ಸಿಗದ ಒಂದು ಸೇವೆ ಅಲ್ಲಿ ಬೇಕಿತ್ತು: ಪಾತ್ರೆಯ ಮೇಲೆ ಹೆಸರು ಕೊರೆಯುವುದು. ನಮ್ಮ ಮನೆಯ ನಾಗಂದಿಗೆಯ ಮೇಲಿರುವ ಪಾತ್ರೆಗಳ ಅಂಚಿನಲ್ಲೆಲ್ಲ ಹೆಸರುಗಳಿವೆ. ಅಮ್ಮನ ಮದುವೆಗೆ ಬಂದ ಹಿತ್ತಾಳೆಯ ಚೊಂಬಿನ ಮೇಲೆ, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳಲ್ಲಿ, ಅವಳ ಸೋದರಮಾವನ ಹೆಸರೂ 1978 ಎಂಬ ಇಸವಿಯೂ ಇದೆ. ಯಾರು ಏನು ಕೊಟ್ಟರೆಂದು ಆ ಅಕ್ಷರಗಳನ್ನು ನೋಡಿಯೇ ತಿಳಿದುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ಮುಯ್ಯಿ ತೀರಿಸುತ್ತಿದ್ದರು. ಆ ಚೊಂಬನ್ನು ಕೊಂಡದ್ದೂ ಇದೇ ಅಂಗಡಿಯಲ್ಲಿ ಎಂದು ಅಮ್ಮ ಹೇಳುತ್ತಾಳೆ. ಆಗ ಗಲ್ಲಾದಲ್ಲಿ ಕೂರುತ್ತಿದ್ದವರು ಈಗಿನ ಯಜಮಾನರ ತಂದೆ.

ಆರು ಸ್ಟೀಲಿನ ಚೊಂಬು, ಒಂದು ಕಡುಬಿನ ಪಾತ್ರೆ, ಒಂದು ಅಗಲ ಬಾಯಿಯ ತಪ್ಪಲೆ ಆರಿಸಿದೆ. ಯಜಮಾನರು ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಒತ್ತಕ್ಷರಗಳು ಸರಿಯಿವೆಯೇ ಎಂದು ಎರಡು ಸಲ ಕೇಳಿ, ಕೊರೆಯುವ ಯಂತ್ರವನ್ನು ಪೆನ್ನಿನಂತೆ ಹಿಡಿದರು. ಅದು ಜೀರುಂಡೆಯಂತೆ ಸದ್ದು ಮಾಡುತ್ತ ಹೋದಂತೆ ಉಕ್ಕಿನ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿದವು, ಅವರ ಎಡಗೈ ಪಾತ್ರೆಯನ್ನು ಅಕ್ಷರದ ಅಳತೆಗೆ ಸರಿಯಾಗಿ ತಿರುಗಿಸುತ್ತಿತ್ತು. ಮೊದಲನೆಯದು ಮುಗಿದಾಗ ತಲೆಯೆತ್ತಿ, "ಇಸವಿ ಹಾಕಲಾ ಅಮ್ಮ? ಇದ್ದರೆ ಮುಂದೆ ನೋಡುವವರಿಗೆ ಗೊತ್ತಾಗುತ್ತೆ" ಎಂದು ಕೇಳಿದರು. ಹಾಕಿ ಎಂದೆ. ಕೊರೆದದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಪ್ರತಿ ಪಾತ್ರೆಯನ್ನೂ ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಇಳಿಸಿದರು. ಬಿಲ್ ಕೇಳಿದೆ, ಪುಸ್ತಕ ತೆಗೆದು ಬರೆದುಕೊಟ್ಟರು.